ಟೆರೇಸ್ ಮೇಲಿನ ಬಿಸಿನೀರಿನ ಪೈಪು ಬಾಗುತ್ತಿದೆ, ಎಲ್ಬೋ ಸೋರುತ್ತಿದೆ. ಪೈಪು ಬದಲಾಯಿಸಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ಕಟ್ಟಿಸಿ ಮೂರು ವರ್ಷವಾಯಿತು. ಟೆರೇಸ್ ಮೇಲೆ 200 ಲೀಟರಿನ ಸೋಲಾರ್ ಇದೆ. ಟ್ಯಾಂಕಿನಿಂದ ಮೊದಲು ಒಂದು ಮೀಟರ್ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಆಮೇಲೆ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪು ಪ್ಯಾರಪೆಟ್ ಗೋಡೆಯ ಮೇಲೆ 12 ಮೀಟರ್ ನೇರವಾಗಿ ಬರುತ್ತದೆ. ಮೂಲೆಯಲ್ಲಿ ಪೈಪು ತಿರುಗಿಸುವ ಎಲ್ಬೋ ಹಾಕಿ ಹೊರಗೋಡೆಯಲ್ಲಿ ಇಳಿಸಿ ಬಚ್ಚಲುಮನೆಗೆ ತಂದಿದ್ದಾರೆ. ಹಾಕಿದಾಗ ನೆಟ್ಟಗಿದ್ದ ಪೈಪು ಈಗ ಬಿಸಿಲೇರಿದ ಮೇಲೆ ಅಲ್ಲಲ್ಲಿ ಬಾಗುತ್ತದೆ. ಬೆಳಿಗ್ಗೆ ಸ್ನಾನಕ್ಕೆ ನೀರು ಬಿಟ್ಟರೆ ಟಕ್ ಟಕ್ ಅಂತ ಸದ್ದು. ಮೂಲೆಯ ಎಲ್ಬೋ ಎರಡು ಸಲ ಸೋರಿ, ಎರಡು ಸಲ ಬದಲಾಯಿಸಿದ್ದೇವೆ. ಪೈಪು ಡೂಪ್ಲಿಕೇಟ್, ಎಲ್ಲ ಕಿತ್ತು ಪಿಪಿಆರ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್ ಪೈಪು ಹಾಕಿಸಿ ಅನ್ನುತ್ತಾರೆ ಪ್ಲಂಬರ್. ಕಪ್ಪು ಇನ್ಸುಲೇಶನ್ ಸುತ್ತಿಸಿದರೆ ಸಾಕು ಅನ್ನುತ್ತಾರೆ ನಮ್ಮ ಭಾವ. ಯಾರ ಮಾತು ಕೇಳುವುದು? ಫೋಟೋ ಕಳಿಸಿದ್ದೇನೆ.

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಪೈಪು ಕೀಳಿಸಬೇಡಿ. ಫೋಟೋದಲ್ಲಿ ಪೈಪಿನ ಮೇಲೆ ಐಎಸ್ 15778 ಅನ್ನುವ ಗುರುತು, ಎಸ್‌ಡಿಆರ್ 11 ಅನ್ನುವ ಗುರುತು ಎರಡೂ ಓದಲು ಸಿಗುತ್ತವೆ. ಐಎಸ್ 15778 ಅಂದರೆ ಕುಡಿಯುವ ನೀರಿನ, ಬಿಸಿ ಮತ್ತು ತಣ್ಣೀರಿನ ಸಿಪಿವಿಸಿ ಪೈಪಿಗೆ ಇರುವ ಭಾರತೀಯ ಮಾನದಂಡ. ಎಸ್‌ಡಿಆರ್ 11 ಅಂದರೆ ಪೈಪಿನ ಹೊರವ್ಯಾಸ ಅದರ ದಪ್ಪದ 11 ಪಟ್ಟು. ಮನೆಗೆ ಹಾಕುವ ಸಿಪಿವಿಸಿಯಲ್ಲಿ ಇದೇ ದಪ್ಪನೆಯ ಜಾತಿ. ನಿಮ್ಮ ತೊಂದರೆ ಇರುವುದು ಕ್ಲ್ಯಾಂಪುಗಳಲ್ಲಿ. ಪೈಪು ಬಿಸಿಯಾದಾಗ ಉದ್ದವಾಗುತ್ತದೆ. ಆ ಉದ್ದ ಹೋಗುವುದಕ್ಕೆ ಯಾರೂ ಜಾಗ ಬಿಟ್ಟಿಲ್ಲ.

ಲೆಕ್ಕ ಸುಲಭ. ಸಿಪಿವಿಸಿ ಪೈಪು ಒಂದು ಮೀಟರಿಗೆ, ಒಂದು ಡಿಗ್ರಿ ಬಿಸಿಗೆ, ಸುಮಾರು 0.065 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ನಿಮ್ಮ ಪೈಪನ್ನು ಹಾಕುವಾಗ 28 ಡಿಗ್ರಿ ಇತ್ತು ಅಂದುಕೊಳ್ಳೋಣ. ಸೋಲಾರ್ ನೀರು 68 ಡಿಗ್ರಿಗೆ ಬಂದರೆ 40 ಡಿಗ್ರಿ ಏರಿತು. 12 ಮೀಟರಿಗೆ ಗುಣಿಸಿ ನೋಡಿ. 31 ಮಿ.ಮೀ. ಬರುತ್ತದೆ, ಅಂದರೆ ಒಂದು ಇಂಚಿಗಿಂತ ಜಾಸ್ತಿ. ಡಿಸೆಂಬರ್ ಬೆಳಗಿನ ಜಾವ ಪೈಪು 18 ಡಿಗ್ರಿಗೆ ಇಳಿದರೆ, ಹಾಕಿದಾಗಿನ ಉದ್ದಕ್ಕಿಂತ 8 ಮಿ.ಮೀ. ಗಿಡ್ಡವೂ ಆಗಿರುತ್ತದೆ. ಅಂದರೆ ನಿಮ್ಮ ಮನೆಯವರು ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದ ಕೆಲವೇ ನಿಮಿಷಗಳಲ್ಲಿ ಪೈಪಿನ ತುದಿ ಸುಮಾರು 4 ಸೆಂ.ಮೀ. ಮುಂದಕ್ಕೆ ಹೋಗಬೇಕು. ಕ್ಲ್ಯಾಂಪು ಹಿಡಿದುಕೊಂಡಿದೆ, ಪೈಪು ನೂಕುತ್ತಿದೆ. ಒಂದಷ್ಟು ಹೊತ್ತು ತಡೆದು, ಆಮೇಲೆ ಜಿಗಿಯುತ್ತದೆ. ನೀವು ಕೇಳುವ ಟಕ್ ಟಕ್ ಸದ್ದು ಇದೇ.

ಬಾಗುವುದರ ಬಗ್ಗೆ ಜಾಸ್ತಿ ಹೆದರಬೇಡಿ. ಕಣ್ಣಿಗೆ ಕಾಣುವಷ್ಟು ಅನಾಹುತ ಅದಲ್ಲ. ನಿಮ್ಮಲ್ಲಿ ಕ್ಲ್ಯಾಂಪಿನಿಂದ ಕ್ಲ್ಯಾಂಪಿಗೆ ಸುಮಾರು 1.2 ಮೀಟರ್ ಅಂತರ ಇದೆ. ಅಂದರೆ ಹತ್ತು ತುಂಡು. 31 ಮಿ.ಮೀ. ಹಂಚಿದರೆ ಒಂದೊಂದಕ್ಕೆ ಬರುವುದು ಮೂರು ಮಿ.ಮೀ. ಮಾತ್ರ. ಆದರೆ ಎರಡೂ ತುದಿ ಕಟ್ಟಿದ 1.2 ಮೀಟರ್ ಪೈಪಿಗೆ ಮೂರು ಮಿ.ಮೀ. ಹೆಚ್ಚು ಉದ್ದ ಬಂದರೆ, ನಡುವೆ ಅದು ಸುಮಾರು 37 ಮಿ.ಮೀ. ಡೊಂಕಾಗುತ್ತದೆ! ಉದ್ದದಲ್ಲಿ ಚೂರು ಸೇರಿದರೂ ಬಾಗುವುದು ಹಲವು ಪಟ್ಟು. ಜನ ಇದನ್ನು ನೋಡಿ ಪೈಪು ಮೆತ್ತಗಾಗಿದೆ, ಮಾಲು ಕಳಪೆ ಅಂದುಕೊಳ್ಳುತ್ತಾರೆ. ಅಸಲಿ ಪೈಪೂ ಹೀಗೇ ಬಾಗುತ್ತದೆ.

ಎಲ್ಬೋ ವಿಷಯ ಬೇರೆ. ಅದು ನಿಜವಾಗಿ ಪೆಟ್ಟು ತಿನ್ನುತ್ತಿದೆ. ಎರಡು ಸಲವೂ ಅದೇ ಎಲ್ಬೋ ಯಾಕೆ ಹೋಯಿತು ಅನ್ನುವುದು ಫೋಟೋದಲ್ಲೇ ಇದೆ. ಟ್ಯಾಂಕಿನ ಕಡೆ ಜಿಐ ಪೈಪು ಗಟ್ಟಿಯಾಗಿ ನಿಂತಿದೆ, ಅಲ್ಲಾಡುವುದಿಲ್ಲ. ಹಾಗಾಗಿ ಬಾಗಿ ಮಿಕ್ಕ ಉದ್ದವೆಲ್ಲ ಇನ್ನೊಂದು ತುದಿಗೇ ಬರಬೇಕು. ಅಲ್ಲಿ ಎಲ್ಬೋ ಇಳಿದ ಕೂಡಲೇ, ನಾಲ್ಕೇ ಇಂಚು ಕೆಳಗೆ, ಇಳಿಪೈಪಿಗೆ ಒಂದು ಕ್ಲ್ಯಾಂಪು ಬಿಗಿದಿದ್ದಾರೆ. ಮೇಲಿನ ಪೈಪು ಎಲ್ಬೋವನ್ನು ಹೊರಕ್ಕೆ ನೂಕುತ್ತದೆ, ಕೆಳಗಿನ ಕ್ಲ್ಯಾಂಪು ಬಿಡುವುದಿಲ್ಲ. ಆ ನಾಲ್ಕು ಇಂಚಿನ ತುಂಡು ದಿನಾ ಬಾಗಿ ದಿನಾ ನೆಟ್ಟಗಾಗಬೇಕು. ಮೂರು ವರ್ಷದಲ್ಲಿ ಸಾವಿರ ಸಲಕ್ಕಿಂತ ಜಾಸ್ತಿ ಆಯಿತಲ್ವಾ? ಹೊಸ ಎಲ್ಬೋ ಹಾಕಿದರೂ ಅದೇ ಕ್ಲ್ಯಾಂಪು ಅದೇ ಜಾಗದಲ್ಲಿ ಇದ್ದರೆ ಮೂರನೇದೂ ಹೋಗುತ್ತದೆ.

ಹಳೆಯ ಎಲ್ಬೋ ಇನ್ನೂ ಮನೆಯಲ್ಲಿದ್ದರೆ ಒಮ್ಮೆ ನೋಡಿ. ಪೈಪು ಒಳಹೋಗುವ ಬಾಯಿಯ ಹತ್ತಿರ ಉಂಗುರದ ಹಾಗೆ ಸುತ್ತ ಸೀಳು ಬಂದಿದ್ದರೆ, ಅದು ಬಾಗಿ ಬಾಗಿ ಆದದ್ದು. ಸೀಳೇ ಇಲ್ಲದೆ ಪೈಪು ನುಣ್ಣಗೆ ಹೊರಬಂದಿದ್ದರೆ ಸಲ್ಯೂಷನ್ (ಜಾಯಿಂಟು ಅಂಟಿಸುವ ಗೋಂದು) ಸರಿಯಾಗಿ ಹಚ್ಚಿಲ್ಲ, ಇಲ್ಲವೇ ಪಿವಿಸಿ ಸಲ್ಯೂಷನ್ ಹಚ್ಚಿದ್ದಾರೆ. ಸಿಪಿವಿಸಿಗೆ ಅದರದ್ದೇ ಸಲ್ಯೂಷನ್ ಬೇಕು. ಪೈಪಿನ ಉದ್ದಕ್ಕೆ ಸೀಳಿದ್ದರೆ ಬಿಸಿಲಿಗೆ ಒಣಗಿದ್ದು, ಏಟು ಬಿದ್ದದ್ದು, ಅಥವಾ ಕತ್ತರಿಸುವಾಗ ಬಿದ್ದ ಸಣ್ಣ ಬಿರುಕು ಬೆಳೆದದ್ದು. ನಿಮ್ಮದು ಮೊದಲನೇ ಬಗೆ ಎಂದು ನನ್ನ ಅಂದಾಜು.

ನೀರಿನ ಒತ್ತಡಕ್ಕೆ ಒಡೆಯಿತು ಅಂತಲೂ ಕೆಲವರು ಹೇಳುತ್ತಾರೆ. ಅದು ಲೆಕ್ಕಕ್ಕೆ ಕೂಡುವುದಿಲ್ಲ. ಎಸ್‌ಡಿಆರ್ 11 ಸಿಪಿವಿಸಿ ತಣ್ಣಗಿರುವಾಗ ಒಂದು ಚದರ ಸೆಂ.ಮೀ.ಗೆ ಸುಮಾರು 28 ಕೆ.ಜಿ. ಒತ್ತಡ ತಡೆಯುತ್ತದೆ. ಬಿಸಿಯಾದಂತೆ ಅದು ಇಳಿಯುತ್ತದೆ ನಿಜ. 82 ಡಿಗ್ರಿಯಲ್ಲಿ ಸುಮಾರು 7 ಕೆ.ಜಿ. ಮಾತ್ರ. ಆದರೆ ಓವರ್‌ಹೆಡ್ ಟ್ಯಾಂಕಿನಿಂದ ಎರಡು ಮಹಡಿ ಇಳಿದ ನೀರಿನ ಒತ್ತಡ ಒಂದು ಕೆ.ಜಿ.ಯನ್ನೂ ಮುಟ್ಟುವುದಿಲ್ಲ.

ಈಗ ನಿಮ್ಮ ಪ್ಲಂಬರ್ ಹೇಳಿದ ಪಿಪಿಆರ್. ಪಿಪಿಆರ್ ಕೆಟ್ಟ ಪೈಪಲ್ಲ. ಬಿಸಿ ಮಾಡಿ ಬೆಸೆಯುವ ಅದರ ಜಾಯಿಂಟು ನನಗೂ ಇಷ್ಟ. ಆದರೆ ನಿಮ್ಮ ತೊಂದರೆಗೆ ಅದು ಉತ್ತರವಲ್ಲ. ಸಾದಾ ಪಿಪಿಆರ್ ಹಿಗ್ಗುವುದು ಮೀಟರಿಗೆ, ಡಿಗ್ರಿಗೆ 0.15 ಮಿ.ಮೀ. ಸಿಪಿವಿಸಿಯ ಎರಡು ಪಟ್ಟಿಗಿಂತ ಜಾಸ್ತಿ. ಚಳಿಗಾಲದ ಬೆಳಗಿನಿಂದ ಬಿಸಿನೀರಿನವರೆಗೆ 50 ಡಿಗ್ರಿ ಎಂದು ಹಿಡಿದರೆ, ನಿಮ್ಮ 12 ಮೀಟರಿನಲ್ಲಿ ಸಿಪಿವಿಸಿ 39 ಮಿ.ಮೀ. ಓಡಾಡುತ್ತದೆ, ಸಾದಾ ಪಿಪಿಆರ್ 90 ಮಿ.ಮೀ. ಓಡಾಡುತ್ತದೆ! ಅದೇ ಕ್ಲ್ಯಾಂಪಿಗೆ ಪಿಪಿಆರ್ ಹಾಕಿದರೆ ಡೊಂಕು ಇನ್ನೂ ಜಾಸ್ತಿಯಾಗುತ್ತದೆ. ನಡುವೆ ಗಾಜಿನ ನಾರು ಸೇರಿಸಿದ ಪಿಪಿಆರ್ ಬರುತ್ತದೆ. ಅದು 21 ಮಿ.ಮೀ. ಆಸುಪಾಸು. ಒಳಗೆ ಅಲ್ಯೂಮಿನಿಯಂ ಪದರ ಇರುವ ಕಾಂಪೋಸಿಟ್ ಪೈಪು 15. ತಾಮ್ರ 10. ಜಿಐ ಬರೀ 7. ಹೊಸದಾಗಿ ಮನೆ ಕಟ್ಟುವವರು ಕೇಳಿದ್ದರೆ, ಟೆರೇಸ್ ಮೇಲಿನ ಉದ್ದನೆಯ ಬಿಸಿನೀರಿನ ಲೈನಿಗೆ ಕಾಂಪೋಸಿಟ್ ಹಾಕಿ ಎನ್ನುತ್ತಿದ್ದೆ. ಇರುವ ಒಳ್ಳೆಯ ಪೈಪನ್ನು ಕಿತ್ತು ಹಾಕಿ ಎನ್ನಲಾರೆ.

ಹಾಗಾದರೆ ಎಲ್ಲ ಜಿಐ ಮಾಡಿಬಿಟ್ಟರೆ? ಹಿಗ್ಗುವುದು ಕಡಿಮೆ, ಸರಿ. ಆದರೆ ತಡೆದು ಹಿಡಿದಾಗ ಪೈಪು ಎಷ್ಟು ಜೋರಾಗಿ ನೂಕುತ್ತದೆ ಅನ್ನುವುದೂ ಲೆಕ್ಕ ಅಲ್ವಾ? ನಿಮ್ಮ ಮುಕ್ಕಾಲು ಇಂಚಿನ ಸಿಪಿವಿಸಿಯ ಎರಡೂ ತುದಿ ಅಲ್ಲಾಡದಂತೆ, ನಡುವೆ ಬಾಗದಂತೆ ಹಿಡಿದು 40 ಡಿಗ್ರಿ ಬಿಸಿ ಮಾಡಿದರೆ ಅದು ಸುಮಾರು 65 ಕೆ.ಜಿ. ಬಲದಲ್ಲಿ ನೂಕುತ್ತದೆ. ಅದೇ ಅಳತೆಯ ಜಿಐ ಪೈಪು ನೂಕುವುದು ಎರಡು ಟನ್ ಹತ್ತಿರ. ಪ್ಲಾಸ್ಟಿಕ್ ಪೈಪು ಜಾಸ್ತಿ ಓಡಾಡುತ್ತದೆ, ಆದರೆ ಅದರ ಕೈಯಲ್ಲಿ ಬಲ ಕಡಿಮೆ. ಜೊತೆಗೆ ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಿಸಿನೀರಿನ ಜಿಐ ಪೈಪಿನೊಳಗೆ ಬಿಳಿ ಪೊರೆ ಕಟ್ಟಿ ಷವರ್ ತೊಟ್ಟಿಕ್ಕುವ ಮಟ್ಟಕ್ಕೆ ಬರುವುದು ಎಷ್ಟು ಮನೆಗಳಲ್ಲಿ ಇಲ್ಲ?

ಈ ಬಲದ ಲೆಕ್ಕದಲ್ಲೇ ಇನ್ನೊಂದು ಅನುಮಾನಕ್ಕೂ ಉತ್ತರ ಸಿಗುತ್ತದೆ. ಗೋಡೆಯೊಳಗೆ ಕೊರೆದು ಹಾಕಿದ ಪೈಪು ಯಾಕೆ ಒಡೆಯುವುದಿಲ್ಲ ಅಂತ ಹಲವರು ಕೇಳುತ್ತಾರೆ. ತಡೆದಾಗ ಹುಟ್ಟುವ ಬಲ ಪೈಪಿನ ಉದ್ದವನ್ನು ಅವಲಂಬಿಸುವುದಿಲ್ಲ. ಒಂದು ಮೀಟರ್ ಇರಲಿ, ಹತ್ತು ಮೀಟರ್ ಇರಲಿ, ಅದೇ 65 ಕೆ.ಜಿ. ಸಿಮೆಂಟು ಪೈಪನ್ನು ಉದ್ದಕ್ಕೂ ಹಿಡಿದಿರುವುದರಿಂದ ಬಾಗಲು ಜಾಗವಿಲ್ಲ. ಅಷ್ಟು ಬಲವನ್ನು ಗೋಡೆ ಸುಮ್ನೆ ತಡೆದುಕೊಳ್ಳುತ್ತದೆ, ಪೈಪೂ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ತೊಂದರೆ ಬರುವುದು ಪೈಪು ಗೋಡೆಯಿಂದ ಬಯಲಿಗೆ ಬರುವ ಜಾಗದಲ್ಲಿ. ಒಂದು ಕಡೆ ಪೂರ್ತಿ ಬಿಗಿ, ಇನ್ನೊಂದು ಕಡೆ ಪೂರ್ತಿ ಸಡಿಲ. ಆ ಗಡಿಯಲ್ಲೇ ಎಲ್ಬೋ ಇಟ್ಟರೆ ಎಲ್ಲ ಪೆಟ್ಟು ಅದಕ್ಕೆ.

ಇನ್ಸುಲೇಶನ್ ಹಾಕಿಸಿ, ಖಂಡಿತ ಹಾಕಿಸಿ. ಆದರೆ ಹಿಗ್ಗುವುದು ನಿಲ್ಲಲಿ ಅಂತಲ್ಲ. ಒಳಗೆ ಹರಿಯುವುದು 68 ಡಿಗ್ರಿ ನೀರಾದರೆ ಪೈಪು ಅಷ್ಟೇ ಬಿಸಿಯಾಗುತ್ತದೆ. ಇನ್ಸುಲೇಶನ್ ಇದ್ದರೆ ಹೊರಮೈ ತಣ್ಣಗಾಗುವುದೂ ತಪ್ಪುವುದರಿಂದ ಪೈಪು ಇನ್ನೂ ಚೂರು ಜಾಸ್ತಿಯೇ ಹಿಗ್ಗಬಹುದು. ಲಾಭ ಬೇರೆ ಕಡೆ ಇದೆ. ಬಿಸಿನೀರು ಬೇಗ ಬರುತ್ತದೆ, ಬಿಸಿಲು ನೇರವಾಗಿ ಪೈಪಿನ ಮೇಲೆ ಬೀಳುವುದಿಲ್ಲ. ಇನ್ಸುಲೇಶನ್ನಿನ ಕಪ್ಪು ನೈಟ್ರೈಲ್ ರಬ್ಬರ್ ಕೊಳವೆಯನ್ನು ಹಾಗೇ ಬಿಸಿಲಿಗೆ ಬಿಟ್ಟರೆ ಅದೇ ಪುಡಿಪುಡಿಯಾಗುತ್ತದೆ. ಮೇಲೆ ಅಲ್ಯೂಮಿನಿಯಂ ಟೇಪು ಅಥವಾ ಬಟ್ಟೆಯ ಹೊದಿಕೆ ಬೇಕು. ಪೈಪಿಗೆ ಬಣ್ಣ ಹೊಡೆಯುವುದಾದರೆ ನೀರಿನ ಪೇಂಟ್ ಮಾತ್ರ. ಎಣ್ಣೆ ಪೇಂಟ್, ಟರ್ಪೆಂಟೈನ್, ಜಾಯಿಂಟಿಗೆ ಮೆತ್ತುವ ಎಣ್ಣೆ ಪೇಸ್ಟು, ಇವು ಸಿಪಿವಿಸಿಗೆ ಆಗಿಬರುವುದಿಲ್ಲ. ಮೊದಲೇ ಎಳೆತದಲ್ಲಿರುವ ಜಾಗಕ್ಕೆ ಇವು ತಾಗಿದರೆ ಸೀಳು ಬೇಗ ಬರುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸಾಕು.

ಈಗ ಮಾಡಬೇಕಾದ ಕೆಲಸ.

ಪೈಪು ಎಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಎಲ್ಲಿ ಜಾರಬೇಕು, ಎಲ್ಲಿ ಬಾಗಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಟ್ಯಾಂಕಿನ ಕಡೆ ಜಿಐ ಪೈಪು ಇದ್ದೇ ಇದೆ. ಅದನ್ನು ಬಿಡಬೇಡಿ. ಊರಿಗೆ ಹೋಗಿ ನಾಲ್ಕು ದಿನ ನೀರು ಬಳಸದಿದ್ದರೆ ಸೋಲಾರ್ ನೀರು ಕುದಿಯುವ ಮಟ್ಟಕ್ಕೆ ಹೋಗುತ್ತದೆ. ಸಿಪಿವಿಸಿಯ ಮಿತಿ 93 ಡಿಗ್ರಿ. ಅದಕ್ಕೇ ಮೊದಲ ಒಂದು ಮೀಟರ್ ಲೋಹದ್ದು ಇರಬೇಕು, ಜೋಡಿಸುವುದೂ ಹಿತ್ತಾಳೆ ಥ್ರೆಡ್ಡಿನ ಫಿಟ್ಟಿಂಗಿನಿಂದ ಆಗಬೇಕು. ನಿಮ್ಮ ಪ್ಲಂಬರ್ ಇದನ್ನು ಸರಿಯಾಗಿಯೇ ಮಾಡಿದ್ದಾರೆ. ಆ ಜಾಗವೇ ನಿಮ್ಮ ಗಟ್ಟಿ ತುದಿ. ಅಲ್ಲಿ ಸಿಪಿವಿಸಿ ಶುರುವಾದ ಕೂಡಲೇ ಒಂದು ಬಿಗಿ ಕ್ಲ್ಯಾಂಪು ಹಾಕಿಸಿ. ಕ್ಲ್ಯಾಂಪನ್ನು ಪೈಪಿಗೆ ಕಚ್ಚುವ ಹಾಗೆ ಹಿಂಡಬಾರದು. ಕ್ಲ್ಯಾಂಪಿನ ಎರಡೂ ಬದಿಗೆ ತಾಗಿದಂತೆ ಒಂದೊಂದು ಕಪ್ಲರ್ (ಎರಡು ಪೈಪು ಸೇರಿಸುವ ತುಂಡು) ಬರುವಂತೆ ಜೋಡಿಸಿದರೆ, ಹಿಂಡದೆಯೇ ಪೈಪು ನಿಲ್ಲುತ್ತದೆ.

ಅಲ್ಲಿಂದ ಮೂಲೆಯವರೆಗೆ ಉಳಿದ ಕ್ಲ್ಯಾಂಪುಗಳೆಲ್ಲ ಜಾರುವಂಥವು ಇರಬೇಕು. ಅಂತರ 90 ಸೆಂ.ಮೀ.ಗಿಂತ ಜಾಸ್ತಿ ಬೇಡ. ಈಗಿರುವ 1.2 ಮೀಟರ್ ಬಿಸಿನೀರಿಗೆ ದೂರವಾಯಿತು. ಪ್ಲಾಸ್ಟಿಕ್ ಕ್ಲ್ಯಾಂಪು ಹಾಕಿ, ಪೈಪಿಗಿಂತ ಒಂದು ಸುತ್ತು ದೊಡ್ಡದು ತನ್ನಿ. ಬೆರಳಿನಿಂದ ತಳ್ಳಿದರೆ ಪೈಪು ಅದರೊಳಗೆ ಹಿಂದೆ ಮುಂದೆ ಜಾರಬೇಕು. ಇನ್ಸುಲೇಶನ್ ಹಾಕಿಸುವುದಾದರೆ ಕ್ಲ್ಯಾಂಪು ಇನ್ಸುಲೇಶನ್ನಿನ ಹೊರಗೆ ಬರುವಷ್ಟು ದೊಡ್ಡದಿರಲಿ. ಯಾವ ಕಪ್ಲರೂ ಜಾರುವ ಕ್ಲ್ಯಾಂಪಿಗೆ ತಾಗುವಷ್ಟು ಹತ್ತಿರ ಇರಬಾರದು. ಕನಿಷ್ಠ ಎರಡು ಇಂಚು ಬಿಡಿ. ಇಲ್ಲದಿದ್ದರೆ ಅದೇ ಹೋಗಿ ಕ್ಲ್ಯಾಂಪಿಗೆ ಗುದ್ದಿ ನಿಲ್ಲುತ್ತದೆ.

ಕೊನೆಗೆ ಎಲ್ಬೋ. ಅಲ್ಲಿ 31 ಮಿ.ಮೀ. ಹೊರಕ್ಕೆ ಬರುತ್ತದೆ. ಅದನ್ನು ಇಳಿಪೈಪು ಬಾಗಿ ತಡೆದುಕೊಳ್ಳಬೇಕು. ಎಷ್ಟು ಉದ್ದದ ಪೈಪು ಬೇಕು ಅನ್ನುವುದಕ್ಕೆ ಒಂದು ಸೂತ್ರ ಇದೆ. ಪೈಪಿನ ಹೊರವ್ಯಾಸವನ್ನು ಹಿಗ್ಗುವ ಉದ್ದದಿಂದ ಗುಣಿಸಿ, ವರ್ಗಮೂಲ ತೆಗೆದು, ಸಿಪಿವಿಸಿಗೆ 34ರಿಂದ ಗುಣಿಸಬೇಕು. ಎಲ್ಲವೂ ಮಿ.ಮೀ.ನಲ್ಲಿ. ಮುಕ್ಕಾಲು ಇಂಚಿನ ಪೈಪಿನ ಹೊರವ್ಯಾಸ 22.2. ಅದನ್ನು 31ರಿಂದ ಗುಣಿಸಿದರೆ 688. ವರ್ಗಮೂಲ ಸುಮಾರು 26. ಅದಕ್ಕೆ 34ರ ಗುಣಾಕಾರ ಸುಮಾರು 890. ಅಂದರೆ ಎಲ್ಬೋದಿಂದ ಕೆಳಗೆ 90 ಸೆಂ.ಮೀ.ವರೆಗೆ ಯಾವ ಕ್ಲ್ಯಾಂಪೂ ಇರಬಾರದು. ಈಗ ಇರುವುದು 10 ಸೆಂ.ಮೀ. ಒಂಬತ್ತು ಪಟ್ಟು ಕಡಿಮೆ!

ಹಾಗಾಗಿ ಆ ಮೇಲಿನ ಕ್ಲ್ಯಾಂಪು ಬಿಚ್ಚಿಸಿ, ಮೊದಲ ಕ್ಲ್ಯಾಂಪು ಮೂರು ಅಡಿ ಕೆಳಗೆ ಬರಲಿ. ಎಲ್ಬೋ ಹೊರಕ್ಕೆ ಬಯಲಿಗೆ ಹೋಗುವುದರಿಂದ ಅಡ್ಡ ಏನೂ ಇಲ್ಲ. ಚಳಿಯಲ್ಲಿ ಪೈಪು ಗಿಡ್ಡವಾದಾಗ ಇಳಿಪೈಪು ಗೋಡೆ ಕಡೆ ಸರಿಯುತ್ತದೆ. ಅದಕ್ಕೆ ಗೋಡೆಯಿಂದ ಒಂದಿಂಚು ದೂರ ನಿಲ್ಲುವ ಕ್ಲ್ಯಾಂಪು ಹಾಕಿಸಿ. ಇಳಿಪೈಪೂ ಹಿಗ್ಗುತ್ತದೆ ಅನ್ನುವುದನ್ನು ಮರೆಯಬೇಡಿ. ನಾಲ್ಕು ಮೀಟರಿಗೆ 10 ಮಿ.ಮೀ. ಮೇಲೆ. ಅದು ಎಲ್ಬೋವನ್ನು ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಪ್ಯಾರಪೆಟ್ ಮೇಲಿನ ಕೊನೆಯ ಕ್ಲ್ಯಾಂಪೂ ಎಲ್ಬೋದಿಂದ ಎರಡು ಅಡಿ ಹಿಂದೆ ಇರಲಿ.

ಮೂರು ಅಡಿ ಬಿಡಲು ಜಾಗವೇ ಇಲ್ಲದ ಮನೆಗಳಲ್ಲಿ ನಡುವೆ ಯು ಆಕಾರದ ಲೂಪು ಹಾಕುತ್ತಾರೆ. ಇದೇ ಲೆಕ್ಕದ ಉದ್ದ ತೆಗೆದುಕೊಂಡು, ಐದರಲ್ಲಿ ಎರಡು ಪಾಲು ಒಂದೊಂದು ಕಾಲಿಗೆ, ಒಂದು ಪಾಲು ನಡುವಿನ ಅಗಲಕ್ಕೆ. ನಿಮ್ಮ ಲೈನಿಗಾದರೆ 36 ಸೆಂ.ಮೀ. ಕಾಲುಗಳು, 18 ಸೆಂ.ಮೀ. ಅಗಲ. ಆದರೆ ಓವರ್‌ಹೆಡ್ ಟ್ಯಾಂಕಿನ ಮನೆಯಲ್ಲಿ ನಾನು ಲೂಪಿಗೆ ಸುಲಭಕ್ಕೆ ಒಪ್ಪುವುದಿಲ್ಲ. ನಾಲ್ಕು ಎಲ್ಬೋ ಜಾಸ್ತಿಯಾಗುತ್ತದೆ, ಮೇಲಿನ ಮಹಡಿಯ ಷವರ್ ಮೊದಲೇ ಸೊರಗಿರುತ್ತದೆ. ಹಾಕಲೇಬೇಕಾದರೆ ಲೂಪನ್ನು ಮಲಗಿಸಿ ಹಾಕಿ, ನಿಲ್ಲಿಸಬೇಡಿ. ನಿಂತ ಲೂಪಿನ ತಲೆಯಲ್ಲಿ ಗಾಳಿ ಸೇರಿ ಬಿಸಿನೀರೇ ನಿಂತುಹೋಗುತ್ತದೆ. ಮೇಲಕ್ಕೆ ಬಾಗಿದ ಪೈಪಿನಲ್ಲೂ ಇದೇ ಆಗುತ್ತದೆ. ನಿಮ್ಮಲ್ಲಿ ಮಧ್ಯಾಹ್ನ ನೀರು ಬುಸ್ ಬುಸ್ ಎಂದು ಬರುತ್ತಿದ್ದರೆ ಕಾರಣ ಇದೇ ಇರಬಹುದು. ಪಿಸ್ಟನ್ ತರಹದ ರೆಡಿಮೇಡ್ ಎಕ್ಸ್‌ಪಾನ್ಶನ್ ಜಾಯಿಂಟು ಮನೆಗೆ ಬೇಡ. ಅದರ ರಬ್ಬರ್ ಉಂಗುರ ಸವೆದರೆ ಅದೇ ಇನ್ನೊಂದು ಸೋರುವ ಜಾಗ.

ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು. ಹತ್ತು ಮಹಡಿಯ ಡಕ್ಟಿನಲ್ಲಿ 30 ಮೀಟರ್ ಬಿಸಿನೀರಿನ ಪೈಪು ನಿಂತಿದ್ದರೆ, ಅದನ್ನು ನಡುಮಹಡಿಯಲ್ಲಿ ಬಿಗಿದು ಮೇಲಕ್ಕೂ ಕೆಳಕ್ಕೂ ಸಮನಾಗಿ ಹೋಗಲು ಬಿಡುತ್ತಾರೆ. ಆದರೂ ತುದಿಯ ಮಹಡಿಗಳಲ್ಲಿ ಮೂರು-ನಾಲ್ಕು ಸೆಂ.ಮೀ. ಓಡಾಟ ಇರುತ್ತದೆ. ಅಲ್ಲಿ ಟೀ (ಕವಲು ತೆಗೆಯುವ ಮೂರು ಬಾಯಿಯ ಫಿಟ್ಟಿಂಗು) ಹಾಕಿ ಕವಲನ್ನು ನೇರ ಗೋಡೆಯೊಳಗೆ ತುರುಕಿದರೆ ಟೀ ಒಡೆಯುತ್ತದೆ. ಕವಲು ಗೋಡೆ ಸೇರುವ ಮೊದಲು ಬಾಗಲು ಒಂದು ತೋಳು ಬೇಕು, ಗೋಡೆಯ ತೂತಿಗೆ ದೊಡ್ಡ ಪೈಪಿನ ತುಂಡಿನ ಸ್ಲೀವ್ ಬೇಕು.

ಹಿಗ್ಗುವುದು ಪೈಪು ಮಾತ್ರ ಅಲ್ಲ. ನೀರೂ ಹಿಗ್ಗುತ್ತದೆ. ನಿಮ್ಮ 200 ಲೀಟರ್ ನೀರು 20ರಿಂದ 70 ಡಿಗ್ರಿಗೆ ಏರಿದರೆ ಸುಮಾರು ನಾಲ್ಕು ಲೀಟರ್ ಜಾಸ್ತಿಯಾಗುತ್ತದೆ. ಟ್ಯಾಂಕಿನ ಮೇಲೆ ನೆಟ್ಟಗೆ ನಿಂತಿರುವ ಏರ್ ವೆಂಟ್ ಪೈಪು ಇರುವುದು ಇದಕ್ಕೂ, ಆವಿ ಹೋಗುವುದಕ್ಕೂ. ನೀರು ಚಿಮ್ಮುತ್ತದೆ ಎಂದು ಅದರ ಬಾಯಿಗೆ ಎಂಡ್ ಕ್ಯಾಪ್ ಹಾಕಿದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಟ್ಯಾಂಕೇ ಸೀಳುತ್ತದೆ.

ಕೆಲಸ ಮಾಡಿಸುವ ಹೊತ್ತೂ ಮುಖ್ಯ. ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ಕಾದ ಪೈಪನ್ನು ಅಳತೆಗೆ ಕತ್ತರಿಸಿ ಅಂಟಿಸಿದರೆ, ಚಳಿಗಾಲದಲ್ಲಿ ಅದು ಗಿಡ್ಡವಾಗಿ ಜಾಯಿಂಟನ್ನು ಎಳೆಯುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ಒಳಗೆ, ಪೈಪು ತಣ್ಣಗಿರುವಾಗ ಕೊನೆಯ ಜಾಯಿಂಟು ಹಾಕಿಸಿ. ಸಲ್ಯೂಷನ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ, ಆಮೇಲೆ ಮೊದಲು ತಣ್ಣೀರು ಬಿಟ್ಟು ನೋಡಿ. ತಣ್ಣೀರಿನಲ್ಲಿ ಸೋರಲಿಲ್ಲ ಎಂದು ಪ್ಲಂಬರನ್ನು ಕಳಿಸಬೇಡಿ. ಹಿಗ್ಗುವ ತೊಂದರೆ ತಣ್ಣೀರಿನ ಪರೀಕ್ಷೆಯಲ್ಲಿ ಗೊತ್ತಾಗುವುದೇ ಇಲ್ಲ.

ಎಲ್ಬೋದಿಂದ ಹಿಂದಿರುವ ಕೊನೆಯ ಜಾರುವ ಕ್ಲ್ಯಾಂಪಿನ ಪಕ್ಕದಲ್ಲಿ ಪೈಪಿನ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಿರಿ. ಮರುದಿನ ಬೆಳಿಗ್ಗೆ ಯಾರಾದರೂ ಬಚ್ಚಲಲ್ಲಿ ಬಿಸಿನೀರು ಬಿಡಲಿ, ನೀವು ಟೆರೇಸಿನಲ್ಲಿ ನಿಂತು ನೋಡಿ. ಗೆರೆ ಕ್ಲ್ಯಾಂಪಿನಿಂದ ಮೂರು ಸೆಂ.ಮೀ. ಆಸುಪಾಸು ಸರಿದರೆ ಕೆಲಸ ಸರಿಯಾಗಿದೆ. ಗೆರೆ ಅಲ್ಲೇ ನಿಂತು ಪೈಪು ಬಾಗಿದರೆ, ನಡುವೆ ಯಾವುದೋ ಕ್ಲ್ಯಾಂಪು ಇನ್ನೂ ಬಿಗಿ ಇದೆ. ಒಂದೊಂದನ್ನೇ ತಳ್ಳಿ ನೋಡಿ ಅದನ್ನು ಸಡಿಲಿಸಿ.